ಖಾಲಿ ಮೂಲೆಗೆ ಎಸೆದ ಚೆಂಡು

ವಿಡಿಯೋ ಕೋಣೆಯಲ್ಲಿ ಕೋಚ್ ಅದೇ ತುಣುಕನ್ನು ಮತ್ತೆ ಓಡಿಸಿದರು. ಪರದೆಯ ಮೇಲೆ ಮರಿ ಚೆಂಡನ್ನು ಅಂಕಣದ ಬಲಮೂಲೆಗೆ ಎಸೆದಳು. ಅಲ್ಲಿ ಯಾರೂ ಇರಲಿಲ್ಲ. ಚೆಂಡು ಗೆರೆ ದಾಟಿ, ಮೊದಲ ಸಾಲಿನಲ್ಲಿ ಕೂತಿದ್ದ ಪ್ರೇಕ್ಷಕನೊಬ್ಬನ ಮಡಿಲಿಗೆ ಹೋಗಿ ಬಿತ್ತು.

"ಯಾರಿಗೆ ಕೊಟ್ಟೆ ಅದನ್ನ? ಆ ಮನುಷ್ಯ ನಿಮ್ಮ ಚಿಕ್ಕಪ್ಪನಾ?"

ಕೋಣೆ ಗೊಳ್ಳೆಂದಿತು. ಎಲ್ಲರಿಗಿಂತ ಮೊದಲು ನಕ್ಕವಳು ದೊಡ್ಡಕ್ಕ.

ಮರಿ ಎನ್ನುವುದು ತಂಡದವರು ಇಟ್ಟ ಹೆಸರು. ಹತ್ತೊಂಬತ್ತರ ಹುಡುಗಿ, ವೃತ್ತಿಪರ ಬಾಸ್ಕೆಟ್‌ಬಾಲಿನಲ್ಲಿ ಇದು ಅವಳ ಮೊದಲ ವರ್ಷ. ಅವಳು ಪಾಯಿಂಟ್ ಗಾರ್ಡ್. ಚೆಂಡನ್ನು ಈ ತುದಿಯಿಂದ ಆ ತುದಿಗೆ ತರುವುದು, ಯಾವ ಆಟ ಆಡಬೇಕೆಂದು ಕೂಗಿ ಹೇಳುವುದು, ಓಡಿ ಬಂದವರ ಕೈಗೆ ಸರಿಯಾದ ಹೊತ್ತಿಗೆ ಮುಟ್ಟಿಸುವುದು ಅವಳ ಕೆಲಸ. ಶಾಲೆಯ ತಂಡದಲ್ಲಿ ಅವಳಿಗೆ ಕಲಿಸಿದ್ದು ಒಂದೇ ಕ್ರಮ: ಆಟಗಾರ್ತಿ ನಿಂತಲ್ಲಿಗೆ ಎಸೆಯಬೇಡ, ಅವಳು ಬಂದು ಸೇರುವ ಜಾಗಕ್ಕೆ ಎಸೆ. ಜೊತೆಯವಳನ್ನು ನೋಡಿಕೊಂಡು ಎಸೆದರೆ ಎದುರಾಳಿಯೂ ಅತ್ತಲೇ ನೋಡುತ್ತಾಳೆ. ಹೀಗಾಗಿ ಚೆಂಡು ಬಿಡುವಾಗ ಮೂಲೆ ಖಾಲಿಯಿರುವುದೇ ಸರಿ. ಚೆಂಡು ತಲುಪುವಾಗಲೂ ಖಾಲಿಯಿದ್ದದ್ದು ತಪ್ಪು.

ಆ ಮೂಲೆಗೆ ಬರಬೇಕಾಗಿದ್ದವಳು ದೊಡ್ಡಕ್ಕ. ದೂರದಿಂದ ಗುರಿಯಿಟ್ಟು ಅಂಕ ಗಳಿಸುವುದರಲ್ಲಿ ತಂಡಕ್ಕೇ ಮೊದಲಿಗಳು. ಕ್ರೀಡಾಂಗಣದ ಹೊರಗೋಡೆಯ ಮೇಲಿರುವ ಚಿತ್ರವೂ ಅವಳದೇ. ಮೊದಲ ವರ್ಷದವರು ವಿಡಿಯೋ ಕೋಣೆಯಲ್ಲಿ ಎದುರಾಡುವಂತಿಲ್ಲ. ಮರಿ ಹಲ್ಲು ಕಚ್ಚಿಕೊಂಡು "ಹೌದು ಸರ್" ಎಂದಳು.

"ವಾರದ ಕೊನೆಗೆ ಒಬ್ಬ ಗಾರ್ಡ್ ಮೀಸಲು ತಂಡಕ್ಕೆ ಹೋಗ್ಬೇಕು. ಯಾರು ಅಂತ ನಾನು ಬಾಯಿಬಿಟ್ಟು ಹೇಳ್ಬೇಕಾ?" ಎಂದು ಕೋಚ್ ದೀಪ ಹಾಕಿದರು. ಮೀಸಲು ತಂಡ ಇದ್ದದ್ದು ಬೇರೆ ಊರಿನಲ್ಲಿ. ಅಲ್ಲಿಗೆ ಹೋದವರಲ್ಲಿ ಮರಳಿ ಬಂದವರು ಕಡಿಮೆ.

ಹೊರಗೆ ಬಂದು ಮರಿ ಅಮ್ಮನಿಗೆ ಫೋನ್ ಮಾಡಿದಳು. ಅಮ್ಮ ಆಸ್ಪತ್ರೆಯಲ್ಲಿ ನರ್ಸ್.

"ಬಾಯಿ ಮುಚ್ಕೊಂಡಿರು ಕಂದ. ಹೊಸ ಜಾಗ."

"ತಪ್ಪು ನಂದಲ್ಲಮ್ಮ!"

"ನಾನು ಬೈಸ್ಕೊಂಡಿದ್ದೆಲ್ಲ ನನ್ನ ತಪ್ಪಿಗೇನಾ? ಡಾಕ್ಟರು ಮಾಡಿದ್ದಕ್ಕೆಲ್ಲ ನಾನೇ ತಲೆ ತಗ್ಗಿಸಿದ್ದು."

"ಅದಕ್ಕೇ ನಂಗೆ ಸಿಟ್ಟು ಬರೋದು," ಎಂದು ಮರಿ ಫೋನ್ ಇಟ್ಟಳು.

ಹೆಬ್ಬೆರಳಿಗೆ ಪಟ್ಟಿ ಸುತ್ತಿಸಿಕೊಳ್ಳಲು ಚಿಕಿತ್ಸೆಯ ಕೋಣೆಗೆ ಹೋದರೆ, ಮೇಜಿನ ಮೇಲೆ ದೊಡ್ಡಕ್ಕ ಕಾಲು ಚಾಚಿ ಮಲಗಿದ್ದಳು. ಮೊಣಕಾಲು ಊದಿ ಗುಂಡಗಾಗಿತ್ತು. ತಂಡದ ವೈದ್ಯೆ ಸಿರಿಂಜಿನಿಂದ ಹಳದಿ ನೀರು ಎಳೆಯುತ್ತಿದ್ದರು.

"ಬಾಗಿಲು ಹಾಕು," ಎಂದಳು ದೊಡ್ಡಕ್ಕ.

ಮರಿ ಹಾಕಿದಳು. "ಯಾವಾಗಿಂದ ಅಕ್ಕ?"

"ಸೀಸನ್ ಶುರುವಾದಾಗಿಂದ."

"ಅಂದ್ರೆ ಮೂಲೆಗೆ ಬರಕ್ಕಾಗಲ್ಲ ಅಂತ ನಿಮಗೆ ಗೊತ್ತಿತ್ತು."

"ಬರ್ತೀನಿ. ಒಂದು ಹೆಜ್ಜೆ ತಡ ಆಗುತ್ತೆ, ಅಷ್ಟೆ. ನೀನು ಸ್ವಲ್ಪ ಕಾದು, ನಾನು ಬಂದು ನಿಂತ್ಮೇಲೆ ನೇರ ಎದೆಗೆ ಕೊಡು."

"ಅದನ್ನ ಮೊದಲೇ ಹೇಳ್ಬಹುದಿತ್ತಲ್ಲ!"

"ನಿಂಗೆ ಹೇಳಿದ್ರೆ ನಾಳೆ ಇಡೀ ಲೀಗಿಗೆ ಗೊತ್ತಾಗುತ್ತೆ. ಆಮೇಲೆ ಎಲ್ಲರೂ ಈ ಕಾಲಿನ ಕಡೆಗೇ ನನ್ನ ಓಡಿಸ್ತಾರೆ. ಇದು ನನ್ನ ಕೊನೆ ಕರಾರು ಮರಿ. ನಿಂಗಿನ್ನೂ ಹತ್ತು ವರ್ಷ ಇದೆ."

"ಈ ವಾರ ಉಳ್ಕೊಂಡ್ರೆ ತಾನೇ ಹತ್ತು ವರ್ಷ? ಹೋಗ್ಲಿ, ನೀವು ಸುಮ್ನಿದ್ರಿ, ಸರಿ. ನಗೋದ್ಯಾಕೆ?"

ದೊಡ್ಡಕ್ಕ ಗೋಡೆಯ ಕಡೆ ಮುಖ ತಿರುಗಿಸಿದಳು. ವೈದ್ಯೆ ಸಿರಿಂಜನ್ನೇ ನೋಡುತ್ತ ನಿಂತರು. ಪಟ್ಟಿ ಸುತ್ತಿಸಿಕೊಳ್ಳದೆಯೇ ಮರಿ ಹೊರಬಂದಳು.

ಇನ್ನೊಬ್ಬರ ಮೊಣಕಾಲಿನ ಮೇಲೆ ಚಾಡಿ ಹೇಳಿ ಜಾಗ ಉಳಿಸಿಕೊಳ್ಳಲು ಅವಳಿಗೆ ಮನಸ್ಸಿರಲಿಲ್ಲ. ತನ್ನ ಪಾಸ್ ತಪ್ಪಲ್ಲ ಎಂದು ತೋರಿಸಿದರೆ ಸಾಕಿತ್ತು. ಮಧ್ಯಾಹ್ನದ ಅಭ್ಯಾಸದಲ್ಲಿ ಅವಳು ಕೋಚ್ ಹತ್ತಿರ ಹೋಗಿ ಕೇಳಿದಳು: "ಸರ್, ಅದೇ ಆಟ ಆಡ್ತೀವಿ. ಮೂಲೆಗೆ ಈ ಸಲ ದೊಡ್ಡಕ್ಕನ ಬದಲು ನಾಯಕಿ ಓಡ್ಲಿ."

ಕೋಚ್ ಹುಬ್ಬೇರಿಸಿದರು, ಆದರೆ ಬೇಡವೆನ್ನಲಿಲ್ಲ. ಮರಿ ಎಡಕ್ಕೆ ನೋಡುತ್ತಲೇ ಬಲಮೂಲೆಗೆ ಎಸೆದಳು. ನಾಯಕಿ ಓಡಿ ಬಂದಳು, ಚೆಂಡು ಅವಳ ಅಂಗೈಗೆ ಹೇಳಿ ಮಾಡಿಸಿದ ಹಾಗೆ ಬಂದು ಕೂತಿತು, ಅಲ್ಲಿಂದ ಬುಟ್ಟಿಗೆ. ಮತ್ತೊಮ್ಮೆ ಆಡಿದರು. ಮತ್ತೂ ಒಮ್ಮೆ. ಅಂಚಿನ ಬೆಂಚಿನಲ್ಲಿದ್ದ ದೊಡ್ಡಕ್ಕ ಶೂ ದಾರ ಬಿಚ್ಚಿ ಕಟ್ಟುತ್ತಿದ್ದಳು.

ಕೋಚ್ ಸೀಟಿ ಊದಿ ಮರಿಯನ್ನು ಕಂಬದ ಹಿಂದೆ ಕರೆದರು.

"ನಂಗೇನು ಕಣ್ಣಿಲ್ವಾ? ಅವಳ ಮೊಣಕಾಲಿನ ವಿಷ್ಯ ಗೊತ್ತು. ನಾಯಕಿಗೂ ಗೊತ್ತು."

ಚೆಂಡು ಎಸೆಯುವವಳೊಬ್ಬಳನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು.

"ಗೊತ್ತಿದ್ದೂ ನನ್ನನ್ನ ಎಲ್ಲರ ಮುಂದೆ ನಗೆಪಾಟಲು ಮಾಡಿದ್ರಾ ಸರ್?"

"ಅವಳನ್ನ ನೋಡಕ್ಕೆ ಊರೆಲ್ಲ ಬರುತ್ತೆ. ನಿನ್ನನ್ನ ನೋಡಕ್ಕೆ ನಿಮ್ಮಮ್ಮ ಬರ್ತಾರೆ. ಹೊಸಬಳ ತಪ್ಪು ಅಂದ್ರೆ ಯಾರೂ ಮುಂದಕ್ಕೆ ಕೇಳಲ್ಲ." ಕೋಚ್ ದನಿ ಇಳಿಸಿದರು. "ಎದೆಗೆ ಕೊಡು, ನಾಲ್ಕು ಮಾತು ಬೈಸ್ಕೋ, ಉಳ್ಕೋ. ಶನಿವಾರದ ಪಂದ್ಯಕ್ಕೆ ನಿನ್ನನ್ನೇ ಮೊದಲು ಇಳಿಸ್ತೀನಿ."

ಅವಳಿಗೆ ಬೇಕಾಗಿದ್ದದ್ದು ಅದೇ. ಕೈಗೆ ಬಂದೂ ಬಿಟ್ಟಿತ್ತು.

"ಎದೆಗೇ ಕೊಡ್ತೀನಿ. ಮೊಣಕಾಲಿನ ವಿಷ್ಯ ಯಾರಿಗೂ ಹೇಳಲ್ಲ," ಎಂದಳು ಮರಿ. "ಆದ್ರೆ ಆ ಪಾಸ್ ಸರಿಯಿತ್ತು ಅಂತ ನಾಳೆ ನೀವು ಎಲ್ಲರ ಮುಂದೆ ಹೇಳ್ಬೇಕು. ಅಷ್ಟೇ ಸಾಕು."

"ಮೊದಲ ವರ್ಷದವಳು ನಂಗೆ ಷರತ್ತು ಹಾಕ್ತೀಯಾ?"

"ನಿಜ ಹೇಳಿ ಅಂದೆ ಸರ್."

ಕೋಚ್ ಅವಳನ್ನು ದಿಟ್ಟಿಸಿ ನೋಡಿದರು. "ಹೊರಡು. ಮೀಸಲು ತಂಡದಲ್ಲಿ ಬೇಕಾದಷ್ಟು ನಿಜ ಹೇಳ್ಕೊಂಡಿರು."

ಬಟ್ಟೆ ಬದಲಿಸುವ ಕೋಣೆಯಲ್ಲಿ ನಾಯಕಿ ಅವಳ ಪಕ್ಕ ಬಂದು ಕೂತಳು. "ತಲೆ ಆಡಿಸಿಬಿಟ್ಟಿದ್ರೆ ಮುಗೀತಿತ್ತು. ನಾವೆಲ್ಲ ಆಡಿಸಿದ್ದೇ."

"ನೀವೂನಾ ಅಕ್ಕ?"

"ಎರಡು ವರ್ಷ."

"ಯಾರ ಮೊಣಕಾಲಿಗೆ?"

"ಮೊಣಕಾಲಲ್ಲ, ಬೆನ್ನು. ಆಗಿನ ನಾಯಕಿದು." ಹೇಳಿ ತಾನೇ ನಗಲು ಹೋದಳು, ನಗು ಬರಲಿಲ್ಲ. ಮರಿ ಚೀಲದ ಜಿಪ್ ಎಳೆದಳು.

ಮೀಸಲು ತಂಡ ಅಭ್ಯಾಸ ಮಾಡುತ್ತಿದ್ದದ್ದು ಶಾಲೆಯೊಂದರ ಹಿಂದಿನ ಸಭಾಂಗಣದಲ್ಲಿ. ಅರ್ಧ ದೀಪಗಳು ಕೆಟ್ಟಿದ್ದವು. ಅಲ್ಲಿನ ಕೋಚ್ ಮರಿಯ ಕೈಗೆ ಚೆಂಡು ಕೊಟ್ಟು ಆಟ ಶುರುಮಾಡು ಎಂದರು. ದಾರಿಯುದ್ದಕ್ಕೂ ಕುದಿದ ಸಿಟ್ಟು ಇನ್ನೂ ಇಳಿದಿರಲಿಲ್ಲ. ಮರಿ ಚೆಂಡನ್ನು ಸೊಂಟಕ್ಕಿಟ್ಟುಕೊಂಡು ಅಲ್ಲೇ ನಿಂತಳು.

"ಯಾರ್ಯಾರಿಗೆ ಎಲ್ಲೆಲ್ಲಿ ನೋವಿದೆ? ಎಷ್ಟು ದೂರ ಓಡಕ್ಕಾಗುತ್ತೆ? ಈಗಲೇ ಹೇಳಿಬಿಡಿ. ಆಮೇಲೆ ನನ್ನ ತಲೆಗೆ ಕಟ್ಟೋ ಹಾಗಿಲ್ಲ."

ಉಳಿದ ನಾಲ್ವರು ಮುಖ ಮುಖ ನೋಡಿಕೊಂಡರು. "ಯಾರಪ್ಪ ಇವಳು, ಡಾಕ್ಟ್ರಮ್ಮ?" ಎಂದು ಒಬ್ಬಳು ಕಿಸಕ್ಕೆಂದಳು.

"ಪಾಯಿಂಟ್ ಗಾರ್ಡ್," ಎಂದಳು ಮರಿ.

ನಗು ನಿಂತಿತು. ಎಲ್ಲರಿಗಿಂತ ಎತ್ತರದವಳು ಕೋಚ್ ಕಡೆ ಒಮ್ಮೆ ನೋಡಿ, ಬಗ್ಗಿ ಕಾಲುಚೀಲ ಕೆಳಗೆ ಸರಿಸಿದಳು.

"ಎಡ ಹಿಮ್ಮಡಿ. ಆಟ ಅರ್ಧ ಆದ್ಮೇಲೆ ಹಾರಕ್ಕಾಗಲ್ಲ."

"ಸರಿ ಅಕ್ಕ. ಆಮೇಲಿಂದ ನಿಮಗೆ ಕೆಳಗೇ ಕೊಡ್ತೀನಿ." ಮರಿ ಪಕ್ಕದವಳ ಕಡೆ ತಿರುಗಿದಳು. "ನಿಮಗೆ?"