ಗಿಣಿಯ ಗಂಟಲು

ದೇವದೂತನ ಮುಖಕ್ಕೆ ಗಿಣಿ ಮೂರನೇ ಸಲ ಬಿಳಿ ಬಣ್ಣ ಹಚ್ಚಿದಳು. ಮೊನ್ನೆ ಹಚ್ಚಿದ್ದು ನಿನ್ನೆಗೆ ಹಳದಿ ತಿರುಗಿತ್ತು, ನಿನ್ನೆ ಹಚ್ಚಿದ್ದರ ಮೇಲೆ ಇವತ್ತು ಟೀ ಚೆಲ್ಲಿದಂಥ ದುಂಡನೆಯ ಕಲೆ ಎದ್ದಿತ್ತು. ಸರಿಯಾಗಿ ಮುಖದ ಜಾಗದಲ್ಲೇ ಮರದ ಗಂಟು ಬಂದಿದೆ. ಗಂಟುಮುಖ ಎನ್ನುವುದು ಇದಕ್ಕೇ ಇರಬೇಕು. ಅರಗಿನ ವಾರ್ನಿಷ್ ಬಳಿಯದೆ ಎಷ್ಟು ಬಣ್ಣ ಹೊಡೆದರೂ ಗಂಟಿನೊಳಗಿನ ಅಂಟು ಮೇಲೆದ್ದು ಬಂದೇ ಬರುತ್ತದೆ. ಅದು ಇಪ್ಪತ್ತು ವರ್ಷ ಅಂಗಡಿ ಬೋರ್ಡು ಬರೆದ ಗಿಣಿಗೂ ಗೊತ್ತು, ಎದುರಿಗೆ ಕೂತು ನಕ್ಷತ್ರ ಕೊಯ್ಯುತ್ತಿದ್ದ ಅವಳ ಭಾವನಿಗೂ ಗೊತ್ತು. ವಾರ್ನಿಷ್ ಡಬ್ಬಿ ಕೈಗೆಟುಕುವ ಕಪಾಟಿನಲ್ಲೇ ಇತ್ತು. ಇಬ್ಬರೂ ಏಳಲಿಲ್ಲ.

ಗಿಣಿ ಎನ್ನುವುದು ಅವಳ ಹೆಸರಲ್ಲ, ಹೆಸರನ್ನು ಓಡಿಸಿ ಆ ಜಾಗದಲ್ಲಿ ಕೂತದ್ದು. ಕೇಳಿದ ದನಿಯನ್ನು ಕೇಳಿದ ಹಾಗೇ ಒಪ್ಪಿಸುತ್ತಿದ್ದ ಹುಡುಗಿ. ಹೆಡ್‌ಮಾಸ್ಟರ ಕೆಮ್ಮು, ನೆಗಡಿಯಾದಾಗಿನ ಹೆಡ್‌ಮಾಸ್ಟರ ಕೆಮ್ಮು, ಎರಡಕ್ಕೂ ಇರುವ ವ್ಯತ್ಯಾಸ. ಒಮ್ಮೆ ಪಕ್ಕದ ಕೋಣೆಯಿಂದಲೇ ಕುಕ್ಕರಿನ ಸೀಟಿ ಹೊಡೆದು, ಅಕ್ಕ ಓಡಿ ಬಂದು ಒಲೆ ಆರಿಸಿ, ಮನೆಮಂದಿಯೆಲ್ಲ ಅರ್ಧ ಬೆಂದ ಅನ್ನ ತಿಂದಿದ್ದರು. ಅವಳು ಎಲ್ಲಕ್ಕಿಂತ ಚೆನ್ನಾಗಿ ಆಡುತ್ತಿದ್ದದ್ದು ಮಾತ್ರ ಅಕ್ಕನ ದನಿಯನ್ನೇ. ಫೋನಿನಲ್ಲಿ ಹೆತ್ತ ತಾಯಿಯೇ ಮೋಸಹೋಗುತ್ತಿದ್ದಳು. ನಾನು ಸತ್ತರೂ ನೀನಿರುವ ತನಕ ಯಾರಿಗೂ ಗೊತ್ತಾಗುವುದಿಲ್ಲ ಬಿಡು ಎಂದು ಅಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಅಕ್ಕ ಸತ್ತು ಒಂಬತ್ತು ತಿಂಗಳಾಗಿತ್ತು.

ಪ್ರತಿ ಡಿಸೆಂಬರಿನಲ್ಲೂ ಭಾವ ಕೆಲಸ ಮಾಡುವ ಈ ಕೊಟ್ಟಿಗೆಯಲ್ಲಿ ಮೂವರೂ ಸೇರಿ ಕ್ರಿಸ್‌ಮಸ್ ಅಲಂಕಾರ ಮಾಡುವುದು ಅಕ್ಕನ ಹುಕುಂ. ಬಡಗಿ ಭಾವ ವರ್ಷವಿಡೀ ಉಳಿದ ಮರದ ಚೂರುಗಳನ್ನು ಕೊಯ್ಯಬೇಕು, ಅಕ್ಕ ಉಜ್ಜಿ ನುಣುಪು ಮಾಡುತ್ತಾ ಇಬ್ಬರ ತಪ್ಪನ್ನೂ ಹುಡುಕಬೇಕು, ಗಿಣಿ ಬಣ್ಣ ತುಂಬಬೇಕು. ಪುಟ್ಟ ಮರಗಳು, ನಕ್ಷತ್ರಗಳು, ದೇವದೂತರು ಬೀದಿಯ ಮನೆಮನೆಯ ಬಾಗಿಲಿಗೂ ಹೋಗುತ್ತಿದ್ದವು. ಈ ಸಲ ಬರುವುದಿಲ್ಲವೆಂದೇ ಗಿಣಿ ಅಂದುಕೊಂಡಿದ್ದಳು. ಭಾವ ಎರಡು ಸಲ ಹೇಳಿಕಳಿಸಿದರು. ಬಂದಳು.

ಬಂದ ಮೊದಲ ದಿನವೇ ಒಬ್ಬ ದೇವದೂತನ ಎದೆಯಲ್ಲಿ ಬೋಲ್ಟಿನ ತೂತು ಕಂಡು ಕೈ ತಡೆಯಿತು. ಇದು ಯಾವ ಮರವೆಂದು ಕೇಳಿದಳು. ಭಾವ ತಲೆಯೆತ್ತಲಿಲ್ಲ. ಮದುವೆಯಾದ ಹೊಸದರಲ್ಲಿ ಪ್ಯಾಕಿಂಗ್ ಪೆಟ್ಟಿಗೆಯ ಹಲಗೆಗಳಿಂದ ಅವರೇ ಕೂರಿಸಿದ್ದ ಮಂಚವಂತೆ. ಕಳೆದ ವಾರ ಬಿಚ್ಚಿದರಂತೆ.

"ನಾನು ಈ ಕಡೆ ಹೊರಳಿದ್ರೆ ಆ ಕಡೆ ಕಿರ್ ಅಂತಿತ್ತು" ಎಂದರು ಭಾವ.

ಇವತ್ತು ಮಧ್ಯಾಹ್ನ ಅವರು ಕೊಯ್ದ ನಕ್ಷತ್ರಗಳನ್ನೆಲ್ಲ ಅವಳ ಮುಂದೆ ಬೋರಲು ಹಾಕಿ ಸಾಲಾಗಿ ಜೋಡಿಸಿದರು. ಮುಂದುಗಡೆ ಬಣ್ಣ, ಹಿಂದುಗಡೆ ಒಂದು ಸಾಲು ಅಕ್ಷರ ಬೇಕೆಂದರು. ಏನು ಬರೆಯಬೇಕೆಂದು ಗಿಣಿ ಕುಂಚ ಅದ್ದಿಕೊಂಡೇ ಕೇಳಿದಳು.

"ಅವಳು ಫೋನಲ್ಲಿ ಕೊನೇಗೆ ಹೇಳಿದ್ದು. ಗಾಬರಿ ಬೇಡ, ನಿಧಾನವಾಗಿ ಬನ್ನಿ." ಭಾವ ಮತ್ತೆ ಗರಗಸ ಎತ್ತಿಕೊಂಡರು.

ಕುಂಚದ ತುದಿಯಿಂದ ಕೆಂಪು ಬಣ್ಣ ತೊಟ್ಟಿಕ್ಕಿತು. ಗಿಣಿ ಒರೆಸಿದಳು. ಒರೆಸುವುದು ಮುಗಿದ ಮೇಲೂ ಒರೆಸುತ್ತಲೇ ಇದ್ದಳು.

ಅಕ್ಕ ಆಸ್ಪತ್ರೆಯಲ್ಲಿದ್ದ ಆ ಸಂಜೆ ಭಾವ ಐದು ಗಂಟೆ ದಾರಿಯ ದೂರದ ಊರಲ್ಲಿ ಹೊಸ ಕಟ್ಟಡಕ್ಕೆ ಬಾಗಿಲು ಕೂರಿಸುತ್ತಿದ್ದರು. ಬೆಳಿಗ್ಗೆ ಸಣ್ಣದು ಎಂದಿದ್ದ ಡಾಕ್ಟರು ಸಂಜೆಗೆ ಮಾತು ಬದಲಿಸಿದ್ದರು. ಅಕ್ಕನ ಮಾತಂತೂ ನಿಂತೇ ಹೋಗಿತ್ತು. ಅವಳ ಚೀಲದಲ್ಲಿ ಫೋನು ಹೊಡೆದುಕೊಂಡಾಗ ಗಿಣಿ ಎತ್ತಿದಳು. ಭಾವನ ಒಂದೇ ಹಲೋದಲ್ಲಿ ಅವಳಿಗೆ ಎಲ್ಲ ಕಂಡಿತು: ಕತ್ತಲಲ್ಲಿ ಬೈಕ್ ಹತ್ತಿ ಈ ಮನುಷ್ಯ ಲಾರಿಗಳ ಮಧ್ಯೆ ನುಗ್ಗುತ್ತಾರೆ. ಯೋಚಿಸುವ ಮೊದಲೇ ಗಂಟಲಿಗೆ ಅಕ್ಕ ಬಂದಳು. ರೀ, ಗಾಬರಿ ಬೇಡ, ಚೆನ್ನಾಗಿದ್ದೀನಿ, ಕೆಲಸ ಮುಗಿಸಿ ನಿಧಾನವಾಗಿ ಬನ್ನಿ. ಭಾವ ಮಾರನೇ ದಿನ ಮಧ್ಯಾಹ್ನ ಬಂದರು. ಅಕ್ಕ ಬೆಳಗಾಗುವಾಗಲೇ ಹೋಗಿದ್ದಳು.

ಅಂದಿನಿಂದ ಭಾವ ಕಂಡಕಂಡವರಿಗೆಲ್ಲ ಆ ಕರೆಯ ವಿಷಯ ಹೇಳುತ್ತಿದ್ದರು. ಎಷ್ಟು ಗೆಲುವಾಗಿ ಮಾತಾಡಿದಳು ಗೊತ್ತಾ ಎನ್ನುತ್ತಿದ್ದರು. ಪ್ರತಿ ಸಲವೂ ಗಿಣಿ ಹಿಂದೆ ನಿಂತು ಕೇಳಿಸಿಕೊಂಡಳು. ಆಮೇಲೆ ಯಾರ ದನಿಯನ್ನೂ ಆಡಲಿಲ್ಲ. ಕುಕ್ಕರು ಸೀಟಿ ಹೊಡೆದರೂ ಬೆಚ್ಚುತ್ತಿದ್ದಳು.

ಮಾತಾಡಿದ್ದು ಗಾಳಿಗೆ ಹೋಗಿತ್ತು. ಬರೆದದ್ದು ನಲವತ್ತು ಮನೆಯ ಬಾಗಿಲಿಗೆ ಹೋಗುತ್ತದೆ, ತನ್ನದೇ ಕೈಬರಹದಲ್ಲಿ. ಗಿಣಿ ಕುಂಚವನ್ನು ಡಬ್ಬಿಯ ಮೇಲೆ ಅಡ್ಡ ಇಟ್ಟಳು.

"ಭಾವ, ಅದು ಅಕ್ಕ ಅಲ್ಲ. ನಾನು."

ಗರಗಸ ನಿಲ್ಲಲಿಲ್ಲ. ನಕ್ಷತ್ರದ ಐದನೇ ಮೂಲೆಯಿಂದ ಹಲಗೆಯ ಚೂರು ಕಳಚಿ ಕೆಳಗೆ ಬಿದ್ದ ಮೇಲೆ ಭಾವ ಹೊಟ್ಟು ಊದಿದರು.

"ಗೊತ್ತು."

"ಯಾವಾಗಿಂದ?"

"ನೀನು 'ರೀ' ಅಂದಾಗಿಂದ."

ರೀ, ಬನ್ನಿ, ಹೋಗಿ ಎಲ್ಲ ಮಂದಿಯೆದುರಿನ ಮಾತು ಎಂದರು ಭಾವ. ಇಬ್ಬರೇ ಇದ್ದಾಗ ಅವಳಿಗೆ ತಾನು ಮರಕುಟಿಗ. ಹದಿನೆಂಟು ವರ್ಷದಲ್ಲಿ ಫೋನಿನಲ್ಲಿ ಒಂದು ದಿನವೂ 'ಲೋ ಮರಕುಟಿಗ' ಬಿಟ್ಟು ಬೇರೆ ಕರೆದವಳಲ್ಲ. ಗಿಣಿಗೆ ನಗು ಬಂತು. ಅಕ್ಕನ ದನಿಯನ್ನೆಲ್ಲ ಕದ್ದವಳಿಗೆ ಬಾಗಿಲು ಹಾಕಿಕೊಂಡ ಮೇಲಿನ ಮಾತು ಸಿಕ್ಕಿರಲಿಲ್ಲ. ನಗು ಪೂರ್ತಿ ಬರುವ ಮೊದಲೇ ಇನ್ನೊಂದು ಹೊಳೆಯಿತು.

"ಗೊತ್ತಿದ್ದೂ ಮಾರನೇ ದಿನ ಬಂದ್ರಾ?"

ಭಾವ ನಕ್ಷತ್ರದ ಅಂಚನ್ನು ಹೆಬ್ಬೆರಳಿನಿಂದ ಸವರುತ್ತಾ ಕೂತರು.

"ನೀನು ಅವಳ ಹಾಗೆ ಮಾತಾಡ್ತಿದೀಯ ಅಂದ್ರೆ ಅವಳಿಗೆ ಮಾತಾಡೋಕೆ ಆಗ್ತಿಲ್ಲ ಅಂತ. ಗಾಡಿ ಕೀ ಕೈಯಲ್ಲೇ ಇತ್ತು ಗಿಣಿ. ಬಂದ್ರೆ ನೋಡಬೇಕಲ್ಲ. ಧೈರ್ಯ ಬರ್ಲಿಲ್ಲ. ಕೆಲಸ ಮುಗಿಸಿ ಬನ್ನಿ ಅಂದಿದ್ಯಲ್ಲ, ಮುಗಿಸಿದೆ. ಎರಡು ಬಾಗಿಲು ಕೂರಿಸಿದೆ."

ಹಾಗಾದರೆ ಇದನ್ನು ಬರೆಯೆಂದು ಯಾಕೆ ಹೇಳಿದಿರಿ ಎಂದಳು ಗಿಣಿ. ನೀನು ಬೋರ್ಡು ಬರೆದರೆ ಒಳಗೆ ಅಂಗಡಿ ಇದೆಯೆಂದು ಜನ ನಂಬುತ್ತಾರಲ್ಲ, ನಾನೂ ನಂಬುತ್ತಿದ್ದೆನೇನೋ ಎಂದರು ಭಾವ.

ಒಂಬತ್ತು ತಿಂಗಳು ಒಂದೇ ತೊಲೆಯನ್ನು ಎರಡು ತುದಿಯಲ್ಲಿ ಹೊತ್ತು ನಡೆದಿದ್ದರು. ಭಾರವೆಲ್ಲ ತನ್ನದೇ ಎಂದು ಇಬ್ಬರೂ ತಿಳಿದಿದ್ದರು. ಈಗ ಇಳಿಸಬಹುದಿತ್ತು. ಇಳಿಸಿದ್ದರೆ ಚೆನ್ನಾಗಿತ್ತು.

"ಒಂದು ಸಲ ಸರಿಯಾಗಿ ಹೇಳಿಬಿಡು" ಎಂದರು ಭಾವ. "ಅವಳು ಕರೀತಿದ್ದ ಹಾಗೆ. ನಿಧಾನ ಬೇಡ. ಬೇಗ ಬಾ ಅನ್ನು."

ಗಿಣಿ ಆಗುವುದಿಲ್ಲವೆಂದಳು. ಗಂಟಲು ಕಟ್ಟಿದೆಯೆಂದಳು. ಭಾವ ಒತ್ತಾಯ ಮಾಡಲಿಲ್ಲ, ಕಾದರು. ಕಾಯುವವರ ಎದುರು ಎಷ್ಟು ಹೊತ್ತು ಬಾಯಿ ಮುಚ್ಚಿ ಕೂರುವುದು? ಹೇಳಿದಳು. ದನಿ ಒಡೆಯಿತು. ಭಾವ ಕಣ್ಣು ಮುಚ್ಚಿ ತಲೆಯಾಡಿಸಿದರು. 'ಲೋ' ಇನ್ನೊಂಚೂರು ಎಳೆಯಬೇಕಂತೆ, 'ಕುಟಿಗ' ಎನ್ನುವಾಗ ನಗು ತಡೆದುಕೊಂಡ ಹಾಗಿರಬೇಕಂತೆ. ಬಾಗಿಲು ಚೌಕಟ್ಟಿಗೆ ಕೂಡುವ ತನಕ ಕೂದಲೆಳೆಯಷ್ಟು ಕೂದಲೆಳೆಯಷ್ಟು ಕೆತ್ತುವವರ ಹಾಗೆ ತಿದ್ದಿದರು. ಎರಡನೇ ಸಲ ಹತ್ತಿರ ಬಂತು. ಮೂರನೇ ಸಲ ಗಿಣಿ ಏನೂ ಮಾಡಬೇಕಾಗಲಿಲ್ಲ.

"ಲೋ ಮರಕುಟಿಗ, ಬೇಗ ಬಾರೋ."

ಭಾವ ಎದ್ದರು. ಮಡಿಲಲ್ಲಿದ್ದ ಹೊಟ್ಟು ಉದುರಿತು. ಕೈ ಜೇಬಿನಲ್ಲಿ ಕೀ ಹುಡುಕಿತು.

"ಬಂದೆ ಕಣೇ. ಈಗ್ಲೇ ಹೊರಟೆ."

ಬಾಗಿಲ ಬಳಿ ಚಪ್ಪಲಿ ಮೆಟ್ಟಿದರು. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಅವರ ಮುಖದಲ್ಲಿದ್ದ ಆತುರ ನೋಡಿ ಗಿಣಿ ಎದ್ದು ನಿಂತಳು. ಇವರು ನಿಜವಾಗಿ ಹೊರಟಿದ್ದಾರೆ, ಎಲ್ಲಿಗೆ ಎಂದು ಕೇಳುವ ಹಾಗಿಲ್ಲ. ತಡೆಯಬೇಕು, ತನ್ನ ದನಿಯಲ್ಲೇ ತಡೆಯಬೇಕು. ಉಗುಳು ನುಂಗಿದಳು, ಕೆಮ್ಮಿ ಗಂಟಲು ಸರಿಮಾಡಿಕೊಂಡಳು. 'ಕೂತ್ಕೊಳ್ಳಿ ಭಾವ.' ಎರಡೇ ಮಾತು. ನಾಲಿಗೆಯ ಮೇಲೆ ಜೋಡಿಸಿಕೊಂಡು ಬಾಯಿ ತೆರೆದಳು. ಬಂದದ್ದು ಅಕ್ಕನ ದನಿ.

"ಕೂತ್ಕೊಳ್ಳೋ."

ಅವನು ಚಪ್ಪಲಿ ಬಿಟ್ಟು ಬಂದು ಕುಳಿತ.