ಗಂಟು ಹಾಕದ ಹೊಲಿಗೆ

"ಕಡಲು ನಿನ್ನ ಗುಡಿಸಲು ನುಂಗ್ತಲ್ಲ, ನಾಲಗೆ ಯಾಕ್ ಬಿಡ್ತು? ಬಾಯ್ಮುಚ್ಕೊಂಡು ಹೊಲಿ, ಬೋಸುಡಿ."

ಉಗ್ರಾಣದ ದಣಿ ಬೈದದ್ದು ನನಗೆ. ನಾನು ಕೇಳಿದ್ದಾದರೂ ಏನು? ನಮಗೆಂದು ಬಂದ ಅಕ್ಕಿಯನ್ನು ಬೇರೆ ಚೀಲಕ್ಕೆ ಯಾಕೆ ಸುರಿಯಬೇಕು ಎಂದು, ಅಷ್ಟೆ.

ಬಿರುಗಾಳಿ ನಮ್ಮ ಕೇರಿಯನ್ನು ಗುಡಿಸಿ ಹಾಕಿ ಒಂಬತ್ತು ದಿನ. ಉಳಿದವರನ್ನು ನಾವು ಚೀಲ ಹೊಲಿಯುತ್ತಿದ್ದ ಇದೇ ಉಗ್ರಾಣಕ್ಕೆ ತಂದು ತುಂಬಿದರು. ಪರಿಹಾರದ ಅಕ್ಕಿಯೂ ಇಲ್ಲಿಗೇ ಬಂತು, ಚೀಲದ ಮೇಲೆ 'ಮಾರಾಟಕ್ಕಲ್ಲ' ಎಂಬ ಕೆಂಪಕ್ಷರ. ಮೊನ್ನೆ ಬಂದ ಅಧಿಕಾರಿ ಒಂದೇ ಚೀಲವನ್ನು ಹದಿನೆಂಟು ಹೆಂಗಸರ ಕೈಗೆ ಕೊಟ್ಟು, ಫೋಟೋ ಹೊಡೆಸಿ, ಕಸಿದುಕೊಂಡ. ನನ್ನ ಸರದಿಗೆ ಸ್ವಲ್ಪ ನಗು ಎಂದ. ನಕ್ಕೆ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಮೂಲೆಯಲ್ಲಿ ನನ್ನ ಮಗಳು, ಹನ್ನೆರಡು ದಿನದ ಬಾಣಂತಿ. ದಿನಕ್ಕೊಂದು ಸೌಟು ತಿಳಿಗಂಜಿಯಲ್ಲಿ ಎದೆಹಾಲು ಬತ್ತಿದೆ. ನಿನ್ನೆಯಿಂದ ಕೂಸು ಅಳುವುದನ್ನೂ ಬಿಟ್ಟಿದೆ. ನನಗೆ ಅದೇ ಭಯ.

ಛಾವಣಿಯ ತಗಡು ಮತ್ತೆ ಕಟಕಟ ಎನ್ನತೊಡಗಿತ್ತು. ಇನ್ನೊಂದು ಬಿರುಗಾಳಿ ಹೊರಟಿದೆಯೆಂದು ಲಾರಿ ಡ್ರೈವರ್ ಹೇಳಿದ. ಸಂಜೆಯೊಳಗೆ ಅಕ್ಕಿ ಪೇಟೆಗೆ ಹೋಗಬೇಕು, ಆಮೇಲೆ ಉಗ್ರಾಣಕ್ಕೆ ಬೀಗ, ನೀವೆಲ್ಲಾದರೂ ಹಾಳಾಗಿ ಹೋಗಿ ಎಂದ ದಣಿ.

ಚೀಲದ ಬಾಯಿ ಹೊಲಿದು ಕೊನೆಗೆ ಗಂಟು ಹಾಕದಿದ್ದರೆ, ದಾರದ ತುದಿಯನ್ನು ಒಮ್ಮೆ ಎಳೆದರೆ ಸಾಕು, ಬಾಯಿ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಗಂಟು ಮರೆತವಳನ್ನು ನಮ್ಮಲ್ಲಿ ಕೈ ಸತ್ತವಳು ಎಂದು ಆಡಿಕೊಳ್ಳುತ್ತಾರೆ. ಮೂವತ್ತು ವರ್ಷದಲ್ಲಿ ನಾನೊಮ್ಮೆಯೂ ಮರೆತವಳಲ್ಲ. ಇವತ್ತು ಬೇಕೆಂದೇ ಮರೆತೆ. ಪಕ್ಕದಲ್ಲಿದ್ದ ನಾದಿನಿ ನನ್ನ ಕೈ ನೋಡಿದಳು. ಏನೂ ಕೇಳದೆ ಅವಳೂ ಮರೆತಳು. ಸಾಲಿನ ತುದಿಯವರೆಗೆ ಹದಿನೆಂಟು ಜನರ ಕೈ ಸತ್ತಿತು.

ಹಮಾಲರೆಂದರೆ ನಮ್ಮ ಗಂಡಂದಿರು, ಅಣ್ಣತಮ್ಮಂದಿರು. ಮೊದಲ ಚೀಲ ಬೆನ್ನಿಗೇರಿದಾಗಲೇ ಅವರಿಗೆ ಗೊತ್ತಾಯಿತು. ಉಗ್ರಾಣದೊಳಗೇ ನಿಂತಿದ್ದ ಲಾರಿಗೆ ಚೀಲಗಳನ್ನು ಬಾಯಿ ಹೊರಗೆ ಮಾಡಿ ಒಟ್ಟಿದರು. ದಣಿ ಬೀಗ ಹಿಡಿದು ಬಂದ.

"ಮಗಳಿಗೊಂದು ಪಾವು ಕೊಡಿ ದಣಿ, ಮಗು ಸಾಯ್ತದೆ," ಎಂದೆ.

"ಹಡೆಯೋವಾಗ ನನ್ನ ಕೇಳಿದ್ಲಾ?"

ಡ್ರೈವರ್ ನಕ್ಕ. ನಾನು ಇಳಿಬಿದ್ದ ದಾರವೊಂದನ್ನು ಬೆರಳಿಗೆ ಸುತ್ತಿಕೊಂಡೆ.

"ಗಂಟು ಹಾಕೋದು ಮರ್ತೋಯ್ತು," ಎಂದು ಎಳೆದೆ.

ಅಕ್ಕಿ ದಣಿಯ ಚಪ್ಪಲಿಯ ಮೇಲೆ ಸುರಿಯಿತು. ಉಳಿದ ಹದಿನೇಳು ಜನ ಒಟ್ಟಿಗೆ ಎಳೆದರು. ಅವನು ಹೊರಕ್ಕೆ ತಿರುಗುವಷ್ಟರಲ್ಲಿ ಹಮಾಲರು ಬಾಗಿಲು ಮುಚ್ಚಿ ಒಳಗಿನಿಂದ ಅಗಳಿ ಹಾಕಿದರು. ಬೀಗ ಅವನ ಕೈಯಲ್ಲೇ ಉಳಿಯಿತು.

ಗಾಳಿ ಬಾಗಿಲಿಗೆ ಗುದ್ದುತ್ತಿತ್ತು. ನಾದಿನಿ ಮೂರು ಕಲ್ಲಿಟ್ಟು ಒಲೆ ಹಚ್ಚಿದಳು. ಎಸರು ಕುದಿಯಿತು, ಅಕ್ಕಿ ಬೆಂದಿತು, ಮಗಳು ಎರಡು ತುತ್ತು ಉಂಡು ಕೂಸನ್ನು ಎದೆಗೆ ಒತ್ತಿಕೊಂಡಳು. ನಾವೆಲ್ಲ ಸುತ್ತ ಕುಳಿತು ಕಿವಿಗೊಟ್ಟೆವು.

ಕೂಸು ಇನ್ನೂ ಅತ್ತಿರಲಿಲ್ಲ.