ಹಲ್ಲಿಗೆ ಸಿಕ್ಕ ಮಣ್ಣು

ರಂಜಾನ್ ಬಂತೆಂದರೆ ಭೂವಿಜ್ಞಾನಿಗಳ ಹಲ್ಲಿಗೆ ರಜೆ. ನಗಬೇಡಿ, ನಮ್ಮ ಕಸುಬೇ ಹಾಗೆ. ನೆಲದಾಳದಿಂದ ಬಂದ ಮಣ್ಣು ಜೇಡಿಯೋ ಹೂಳೋ ಎಂದು ಎಷ್ಟೋ ಸಲ ಕಣ್ಣಿಗೆ ಗೊತ್ತಾಗುವುದಿಲ್ಲ. ಒಂದು ಚೂರು ಹಲ್ಲಿನ ನಡುವೆ ಇಟ್ಟು ಅರೆಯಬೇಕು. ಬೆಣ್ಣೆಯಂತೆ ಜಾರಿದರೆ ಜೇಡಿ, ಕರಕರ ಎಂದರೆ ಹೂಳು. ಉಪವಾಸದ ತಿಂಗಳಲ್ಲಿ ಮಾತ್ರ ಯಾರೂ ಬಾಯಿಗೆ ಮಣ್ಣು ಹಾಕಿಕೊಳ್ಳುವುದಿಲ್ಲ, ಸಂಜೆಯವರೆಗೆ ಕಾಯುತ್ತಾರೆ.

ಆ ದಿನ ಗಫ್ಸಾ ಊರಿನ ಹೊರಬಯಲಿನಲ್ಲಿ ಕೊಳವೆಬಾವಿ ಕೊರೆಯುತ್ತಿದ್ದೆವು, ಕಾಯುವ ಹಾಗಿರಲಿಲ್ಲ. ಜೇಡಿ ಸಿಕ್ಕಿದ್ದರೆ ಅಲ್ಲೇ ಕೊಳವೆ ಊರಿ ನಿಲ್ಲಿಸಬೇಕು. ಹೂಳಾದರೆ ಇನ್ನೂ ಕೊರೆಯಬೇಕು, ಇಲ್ಲದಿದ್ದರೆ ಊರಿನ ಬಾವಿಗೆ ಕೆಸರು ನುಗ್ಗುತ್ತದೆ. ಸಂಜೆಯವರೆಗೆ ಸುಮ್ಮನೆ ಬಿಟ್ಟರೆ ಕೊರೆದ ಗುಂಡಿಯೇ ಕುಸಿಯುತ್ತದೆ.

"ಹೇಳಮ್ಮ, ಏನಿದು?" ಎಂದು ನಮ್ಮ ಮುಖ್ಯಸ್ಥರು ಸೀ ಮೊಂಜಿ ಕೇಳಿದ್ದು ರಿಹಾಬಳನ್ನು. ಅವಳು ಹೊಸಬಳು. ಅವಳನ್ನು ಬಯಲಿನಲ್ಲಿ ಉಳಿಸಿಕೊಳ್ಳುವುದೋ, ಟ್ಯೂನಿಸ್ ಕಚೇರಿಗೆ ನಕ್ಷೆ ಬರೆಯಲು ಅಟ್ಟುವುದೋ ಎಂದು ಇವತ್ತಿನ ಕೆಲಸ ನೋಡಿ ತೀರ್ಮಾನಿಸುವುದಾಗಿ ಬೆಳಿಗ್ಗೆಯೇ ಹೇಳಿದ್ದರು. ಆ ಹುಡುಗಿಗೆ ಬಯಲೆಂದರೆ ಪ್ರಾಣ.

ಅವಳು ನನ್ನ ತೋಳು ಹಿಡಿದು ಜೀಪಿನ ಹಿಂದಕ್ಕೆ ಎಳೆದಳು.

"ಶೆಡ್ಲಿಯಕ್ಕ, ನಂಗಿವತ್ತು ಉಪವಾಸ ಇಲ್ಲ, ಮುಟ್ಟಾಗಿದೀನಿ. ಬೆಳಿಗ್ಗೆಯಿಂದ ತೊಟ್ಟು ನೀರು ಕುಡಿಯೋಕೂ ಮರೆ ಇಲ್ಲ. ಮಣ್ಣು ಕಚ್ಚಿದ್ರೆ ಈಗ್ಲೇ ಹೇಳ್ತೀನಿ. ಆದ್ರೆ ಇಷ್ಟು ಗಂಡಸರ ಎದುರಿಗೆ ಕಚ್ಚೋದು ಅಂದ್ರೆ ಡಂಗುರ ಸಾರಿದ ಹಾಗೆ!"

ನನಗೆ ಮೈಯೆಲ್ಲ ಉರಿಯಿತು, ಹುಡುಗಿಯ ಮೇಲಲ್ಲ. ನಾನೂ ಮಬ್ರೂಕಳೂ ಈ ಕೆಲಸಕ್ಕೆ ಸೇರಿದಾಗ ಹೇಳಿಕೊಡಲು ಒಬ್ಬ ಹೆಂಗಸೂ ಇರಲಿಲ್ಲ. ಬಿದ್ದು ಎದ್ದು ಕಲಿತೆವು. ಹೊಸಬಳು ಯಾರೇ ಬರಲಿ, ಒಂಟಿಯಾಗಿ ಬಿಡಬಾರದೆಂದು ಆವಾಗಲೇ ಮಾತಾಡಿಕೊಂಡಿದ್ದೆವು.

"ಮಬ್ರೂಕಾ, ಬಾರೇ ಇಲ್ಲಿ!" ಎಂದು ಕೂಗಿ ಅವಳನ್ನೂ ಕರೆದುಕೊಂಡು ಹೋದೆ. "ಸೀ ಮೊಂಜಿ, ನಾವು ಮೂವರೂ ಕಚ್ಚಿ ನೋಡ್ತೀವಿ."

"ಉಪವಾಸ?"

"ನಿಮ್ಮನೇಲಿ ಸಂಜೆ ಸೂಪಿಗೆ ಉಪ್ಪು ಸರಿ ಇದೆಯಾ ಅಂತ ಯಾರು ನೋಡ್ತಾರೆ? ನಿಮ್ಮ ಹೆಂಡ್ತಿ ತಾನೆ? ನಾಲಿಗೆಗೆ ಮುಟ್ಟಿಸಿ ಉಗುಳ್ತಾರೆ. ದೇವರೇ ಸಿಟ್ಟಾಗಿಲ್ಲ, ನೀವ್ಯಾಕೆ ಆಗ್ತೀರಿ?"

ಗಂಡಸರು ಗೊಳ್ಳೆಂದು ನಕ್ಕರು. ಸೀ ಮೊಂಜಿ ತಲೆ ಕೆರೆದುಕೊಂಡು ಸರಿ ಎಂದರು. ಮೂವರೂ ಒಂದೊಂದು ಚೂರು ಬಾಯಿಗಿಟ್ಟೆವು.

"ನುಣ್ಣಗಿದೆ, ಜೇಡಿ" ಎಂದು ನಾನು ಉಗುಳಿದೆ. ಮಬ್ರೂಕಾ ಕೂಡ "ಜೇಡಿನೇ" ಎಂದಳು. ರಿಹಾಬ್ ಮಾತ್ರ ಇನ್ನೂ ಅಗಿಯುತ್ತಲೇ ಇದ್ದಳು. ಕೊನೆಗೆ ಉಗುಳಿ, "ಹೂಳು" ಎಂದಳು.

"ಹಿರಿಯರಿಬ್ಬರು ಒಂದು ಹೇಳಿದ್ರೆ ನೀನೊಂದು ಹೇಳ್ತೀಯಲ್ಲ!" ಎಂದರು ಸೀ ಮೊಂಜಿ.

"ದವಡೇಲಿ ಕರಕರ ಅಂತು, ಸೀ ಮೊಂಜಿ. ಇನ್ನೂ ಕೊರೀಬೇಕು." ಅವಳು ಮಾತು ಬದಲಿಸಲಿಲ್ಲ.

ಆಗ ನನಗೆ ಹೊಳೆಯಿತು. ಅಯ್ಯೋ! ಉಪವಾಸ ಕೆಟ್ಟೀತೆಂಬ ಹೆದರಿಕೆಗೆ ನಾವಿಬ್ಬರೂ ಮುಂದಿನ ಹಲ್ಲಿಗೆ ತಾಗಿಸಿ ಉಗುಳಿದ್ದೆವು. ಸರಿಯಾಗಿ ಅರೆದವಳು ಅವಳೊಬ್ಬಳೇ.

"ನಮ್ಮ ಮಾತು ಬಿಡಿ" ಎಂದೆ. "ನಾವು ಉಪ್ಪು ನೋಡಿದ ಹಾಗೆ ನೋಡಿದ್ವಿ. ಇವಳು ಭೂವಿಜ್ಞಾನಿ ಥರ ಕಚ್ಚಿದಾಳೆ. ಕೊರೀರಿ!"

ಕೊರೆದರು. ಸೂರ್ಯ ಮುಳುಗುವ ಮೊದಲೇ, ಹಲ್ಲೇ ಬೇಡ, ಬೆರಳಿಗೇ ಗೊತ್ತಾಗುವಂಥ ಅಪ್ಪಟ ಜೇಡಿ ಮೇಲೆ ಬಂತು. ಮಬ್ರೂಕಾ ಹುಡುಗಿಯನ್ನು ಕೆಸರು ಕೈಯಲ್ಲೇ ತಬ್ಬಿಕೊಂಡಳು. ನನಗಾದ ಸಂತೋಷ ಹೇಳತೀರದು.

ಬಾಂಗು ಕೇಳಿಸಿತು. ಎಲ್ಲರೂ ಖರ್ಜೂರ ತಿಂದು ಸೂಪಿಗೆ ಕೂತೆವು.

"ನೀನು ಇಲ್ಲೇ ಇರಮ್ಮ" ಎಂದರು ಸೀ ಮೊಂಜಿ. "ಏನಾದ್ರೂ ಬೇಕಿದ್ರೆ ಕೇಳು."

ತಲೆ ತಗ್ಗಿಸಿ ಏನೂ ಬೇಡ ಅನ್ನುತ್ತಾಳೆ ಅಂದುಕೊಂಡೆ. ಅವಳು ಚಮಚ ಕೆಳಗಿಟ್ಟಳು.

"ಒಂದು ಕೋಣೆ ಬೇಕು. ಒಳಗಡೆ ಚಿಲಕ ಇರೋದು. ರಂಜಾನಲ್ಲಿ ನಮಗೆ ಉಪವಾಸ ಇಲ್ಲದ ದಿನಾನೂ ಬರುತ್ತೆ. ಆವತ್ತು ನೀರು ಕುಡಿಯೋಕೆ, ಊಟ ಮಾಡೋಕೆ."

ಎಲ್ಲರೂ ಬಟ್ಟಲೊಳಗೇ ಮುಖ ಹುದುಗಿಸಿದರು. ಸೀ ಮೊಂಜಿ ಅವಳನ್ನು ನೋಡಿದರು, ನನ್ನನ್ನು ನೋಡಿದರು. ಮೂವರೂ ಯಾಕೆ ಮಣ್ಣು ಕಚ್ಚಿದೆವೆಂದು ಅವರಿಗೆ ಅರ್ಥವಾಯಿತು.

"ಇಷ್ಟು ವರ್ಷ ಈ ಬುದ್ಧಿ ಎಲ್ಲಿತ್ತು ಅಂತ ನನ್ನ ಹೆಂಡ್ತಿ ಉಗೀತಾಳೆ" ಎಂದರು ಮೆಲ್ಲಗೆ. "ಮಣ್ಣಿನ ಮಾದರಿ ಇಡೋ ಕೋಣೆ ಇನ್ಮೇಲೆ ನಿಮ್ಮದು."

ಯಂತ್ರ ನಡೆಸುವ ಲಝರ್ ಎದ್ದೇಬಿಟ್ಟ. "ಚಿಲಕ ನನ್ನ ಪೆಟ್ಟಿಗೇಲಿದೆ!"

"ಸೂಪು ಮುಗಿಸೋ ಮಾರಾಯ" ಎನ್ನುವಷ್ಟರಲ್ಲಿ ನನಗೆ ಅಳು ಬಂತು. ಅವನು ನಿಲ್ಲಲಿಲ್ಲ. ಸ್ವಲ್ಪ ಹೊತ್ತಿಗೆ ಸುತ್ತಿಗೆಯ ಸದ್ದು ಕೇಳಿಸಿತು.

ಮಬ್ರೂಕಾ ಗಂಡಸರಿಗೆಲ್ಲ ಕೇಳುವಂತೆ ಜೋರಾಗಿ ಹೇಳಿದಳು: "ಮುಂದಿನ ವಾರ ನನ್ನ ಸರದಿ ಕಣ್ರೇ. ಅಷ್ಟರೊಳಗೆ ಅಲ್ಲೊಂದು ಒಲೆನೂ ಇಡಿಸಿ!"